ಹಿಂಬಾಗಿಲಿನಿಂದ ಆರಂಭಿಸಿ: ಹಳೆಯ ಅಮೆರಿಕನ್ ಸ್ಟೇಷನ್ ವ್ಯಾಗನ್ ಕೊಳ್ಳುವ ಮತ್ತು ಕಾಪಾಡುವ ಬಗೆ

ಹಳೆಯ ಕಾರು ನೋಡಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ, ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ, ಆಮೇಲೆ ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿ ಬಣ್ಣದ ವಿಷಯಕ್ಕೆ ಬರುತ್ತಾರೆ. ಅಮೆರಿಕದ ಹಳೆಯ ಸ್ಟೇಷನ್ ವ್ಯಾಗನ್, ಎಂದರೆ ಚಾವಣಿ ಹಿಂಬಾಗಿಲಿನವರೆಗೂ ಚಾಚಿಕೊಂಡ ಉದ್ದನೆಯ ಕುಟುಂಬದ ಕಾರು, ಕೊಳ್ಳಹೊರಟವರು ಈ ಕ್ರಮವನ್ನು ತಲೆಕೆಳಗು ಮಾಡಿಕೊಳ್ಳುವುದು ಒಳ್ಳೆಯದು. ವ್ಯಾಗನ್ನಿನ ಮುಂದಿನ ಅರ್ಧ ಅದೇ ವರ್ಷದ ಸೆಡಾನ್ ಕಾರಿನದೇ. ಎಂಜಿನ್, ಗೇರ್‌ಬಾಕ್ಸ್, ಮುಂದಿನ ಮಡ್‌ಗಾರ್ಡ್, ಬಾನೆಟ್, ಡ್ಯಾಷ್‌ಬೋರ್ಡ್ ಮುಂತಾದವು ಲಕ್ಷಗಟ್ಟಲೆ ತಯಾರಾದ ಭಾಗಗಳಾದ್ದರಿಂದ ಗುಜರಿಯಲ್ಲಿ ಹಳೆಯವೋ ಅಂಗಡಿಯಲ್ಲಿ ಹೊಸದಾಗಿ ಮಾಡಿಸಿದವೋ ಇಂದಿಗೂ ಸಿಗುತ್ತವೆ. ಆದರೆ ಹಿಂಬದಿಯ ಉದ್ದನೆಯ ಪಕ್ಕದ ಗಾಜು, ಹಿಂಬಾಗಿಲು, ಅದರ ಕೀಲು ಮತ್ತು ಮೋಟಾರು, ಮೂರನೆಯ ಸಾಲಿನ ಸೀಟು, ಚಾವಣಿಯ ಕ್ಯಾರಿಯರ್, ಅಲ್ಲಿನ ರಬ್ಬರ್ ಬೀಡಿಂಗ್ ಇವೆಲ್ಲ ವ್ಯಾಗನ್ನಿಗೆ ಮಾತ್ರ ಸೇರಿದವು. ಅವು ಹಾಳಾಗಿದ್ದರೆ ಅಂಥದೇ ಇನ್ನೊಂದು ವ್ಯಾಗನ್ ಹುಡುಕಿ ಕಳಚಿ ತರುವುದೊಂದೇ ದಾರಿ.

ಆ ಇನ್ನೊಂದು ವ್ಯಾಗನ್ ಸಿಗುವುದೂ ಸುಲಭವಲ್ಲ. ಕಾರ್ಖಾನೆಗಳು ಇವುಗಳನ್ನು ಹೇರಳವಾಗಿ ತಯಾರಿಸಿದ್ದು ನಿಜವಾದರೂ ಮನೆಮಂದಿ ಅವನ್ನು ಎತ್ತುಗಳಂತೆ ದುಡಿಸಿದರು. ಮಕ್ಕಳು, ನಾಯಿ, ಸಿಮೆಂಟ್ ಚೀಲ, ಡೇರೆ, ದೋಣಿ ಎಳೆಯುವ ಕೊಂಡಿ ಎಲ್ಲವನ್ನೂ ಹೊತ್ತ ಗಾಡಿಯನ್ನು ಯಾರೂ ಹೊದಿಕೆ ಹಾಕಿ ಕಾಪಾಡಿಡಲಿಲ್ಲ. ಹಳತಾದ ಮೇಲೆ ಕೆಲವನ್ನು ದೊಡ್ಡ ಎಂಜಿನ್ನಿನ ಆಸೆಗಾಗಿ ಕಳಚಿದರು. ಇನ್ನು ಕೆಲವು ಡೆಮಾಲಿಷನ್ ಡರ್ಬಿಗಳಲ್ಲಿ, ಎಂದರೆ ಕಾರಿಗೆ ಕಾರು ಗುದ್ದಿಸಿ ಕೊನೆಗೆ ಚಲಿಸುತ್ತ ಉಳಿದದ್ದನ್ನು ಗೆದ್ದಿತೆನ್ನುವ ಜಾತ್ರೆಯ ಆಟದಲ್ಲಿ, ನುಚ್ಚುನೂರಾದವು. ದೊಡ್ಡದಾಗಿ ಗಟ್ಟಿಮುಟ್ಟಾಗಿದ್ದದ್ದೇ 1970ರ ದಶಕದ ವ್ಯಾಗನ್ನುಗಳಿಗೆ ಅಲ್ಲಿ ಮುಳುವಾಯಿತು.

ಯಾವ ಗಾಡಿ ಬೇಕೆಂಬುದನ್ನು ನಿಮ್ಮ ನೆನಪೇ ತೀರ್ಮಾನಿಸಲಿ ಎಂದು ಹೇಳಿದರೆ ಅದು ಬರಿಯ ಭಾವುಕತೆಯಲ್ಲ. 1965ರ ವಲಸೆ ಕಾಯಿದೆಯ ನಂತರ ಅಮೆರಿಕಕ್ಕೆ ಬಂದ ಎಂಜಿನಿಯರು, ವೈದ್ಯರ ಕುಟುಂಬಗಳಲ್ಲಿ ಕನ್ನಡದವೂ ಇದ್ದವು. ಆ ಮನೆಗಳಲ್ಲಿ ಬೆಳೆದು ಈಗ ಐವತ್ತು ದಾಟಿದವರಲ್ಲಿ ಕೆಲವರಿಗಾದರೂ, ಅಮೆರಿಕದ ಮಕ್ಕಳು ‘ವೇ ಬ್ಯಾಕ್’ ಎಂದು ಕರೆಯುತ್ತಿದ್ದ ಹಿಂತುದಿಯಲ್ಲಿ ರಸ್ತೆಗೆ ಮುಖಮಾಡಿ ಕುಳಿತು ಹಿಂದಿನ ಕಾರಿನವರಿಗೆ ಕೈಬೀಸಿದ್ದು ನೆನಪಿರುತ್ತದೆ. ನೆನಪಿರುವುದು ಆ ಸೀಟಾದರೆ ಎರಡು ಬಾಗಿಲಿನ, ಮೂರನೆಯ ಸಾಲೇ ಇಲ್ಲದ ದುಬಾರಿ ಷೆವರ್ಲೆ ನೊಮ್ಯಾಡ್ ಕೊಂಡು ತಂದರೂ ತೃಪ್ತಿಯಾಗುವುದಿಲ್ಲ. ಹಣ ತೆತ್ತು ಒಂದೇ ವರ್ಷದಲ್ಲಿ ಮಾರಿಬಿಡುವವರು ಹೆಚ್ಚಾಗಿ ಬೆಲೆಯನ್ನೋ ಹೆಸರನ್ನೋ ನೋಡಿ ಆರಿಸಿದವರು.

ಕಾಲಮಾನದಂತೆ ನೋಡಿದರೆ ಮೊದಲು ಬರುವುದು ನಿಜವಾದ ಮರದ ಗಾಡಿಗಳು. ರೈಲ್ವೆ ಸ್ಟೇಷನ್ನಿನಿಂದ ಪ್ರಯಾಣಿಕರನ್ನೂ ಪೆಟ್ಟಿಗೆಗಳನ್ನೂ ಸಾಗಿಸುತ್ತಿದ್ದುದರಿಂದಲೇ ಇವಕ್ಕೆ ಸ್ಟೇಷನ್ ವ್ಯಾಗನ್ ಎಂಬ ಹೆಸರು ಬಂತು. ಆರಂಭದಲ್ಲಿ ಬಡಗಿಗಳು ಕಾರಿನ ಚಾಸಿಯ ಮೇಲೆ ಮರದ ಮೈ ಕಟ್ಟಿಕೊಡುತ್ತಿದ್ದರು. 1923ರಲ್ಲಿ ಡ್ಯುರಾಂಟ್ ಕಂಪನಿ ತನ್ನ ಸ್ಟಾರ್ ಕಾರಿನಲ್ಲಿ ಇಂಥ ಮಾದರಿಯನ್ನು ತಾನೇ ಮಾರತೊಡಗಿತು, 1929ರಲ್ಲಿ ಫೋರ್ಡ್ ತನ್ನ ಮಾಡೆಲ್ ಎ ಸರಣಿಗೆ ಅದನ್ನು ಸೇರಿಸಿತು. ಫೋರ್ಡಿನ ಮರ ಬರುತ್ತಿದ್ದದ್ದು ಮಿಷಿಗನ್ ರಾಜ್ಯದ ಉತ್ತರದ ಐರನ್ ಮೌಂಟನ್ ಕಡೆಯ ಕಾಡು ಮತ್ತು ಮರದ ಕಾರ್ಖಾನೆಯಿಂದ. ಅಲ್ಲಿ ಉಳಿದ ಮರದ ಚೂರುಗಳನ್ನು ಇದ್ದಿಲ ಬಿಲ್ಲೆಗಳಾಗಿ ಒತ್ತಿ ಮಾರಿದ ಉದ್ಯಮವೇ ಇಂದು ಅಮೆರಿಕದ ಅಂಗಡಿಗಳಲ್ಲಿ ಕಾಣುವ ಕಿಂಗ್ಸ್‌ಫರ್ಡ್ ಇದ್ದಿಲು. ಮರದ ವ್ಯಾಗನ್ ಕೊಳ್ಳುವವರು ಕಾರಿನ ಜೊತೆಗೆ ಒಂದು ಪೀಠೋಪಕರಣವನ್ನೂ ಕೊಳ್ಳುತ್ತಿದ್ದೇವೆಂದು ತಿಳಿಯಬೇಕು. ಬಾಗಿಲುಗಳ ಕೆಳಮೂಲೆ, ಹಿಂಬಾಗಿಲಿನ ಅಡಿಯಂಚು ಮತ್ತು ಮರದ ತುಂಡುಗಳು ಒಂದರೊಳಗೊಂದು ಕೂಡುವ ಜೋಡಣೆಗಳಲ್ಲಿ ದಬ್ಬಳದ ಮೊನೆಯಿಂದ ಮೆಲ್ಲನೆ ಒತ್ತಿ ನೋಡಿ. ಮೊನೆ ಒಳಗೆ ಇಳಿದರೆ ಅಥವಾ ವಾರ್ನಿಷಿನ ಕೆಳಗೆ ಕಪ್ಪು ಕಲೆ ಹರಡಿದ್ದರೆ ನೀರು ಸೇರಿ ಮರ ಕೊಳೆಯುತ್ತಿದೆ. ಹೊಸ ಮರ ಕೂರಿಸುವ ನುರಿತ ಕುಶಲಕರ್ಮಿಗಳು ಇದ್ದಾರಾದರೂ ಅವರ ಕೂಲಿ ಎಷ್ಟೋ ಸಲ ಒಂದು ಒಳ್ಳೆಯ ಉಕ್ಕಿನ ವ್ಯಾಗನ್ನಿನ ಬೆಲೆಯನ್ನೇ ಮೀರುತ್ತದೆ. ಹೀಗಾಗಿ ಮೊದಲ ಬಾರಿಗೆ ಈ ಹವ್ಯಾಸಕ್ಕೆ ಇಳಿಯುವವರಿಗೆ ಮರದ ಗಾಡಿ ಬೇಡವೆಂಬುದೇ ನನ್ನ ಅಭಿಪ್ರಾಯ.

1946ರ ವಿಲ್ಲಿಸ್ ಜೀಪ್ ವ್ಯಾಗನ್ ಮತ್ತು 1949ರ ಪ್ಲಿಮತ್ ಸಬರ್ಬನ್ ಪೂರ್ತಿ ಉಕ್ಕಿನ ಮೈಯೊಂದಿಗೆ ಬಂದ ಮೇಲೆ ಮರದ ಕಾಲ ಮುಗಿಯತೊಡಗಿತು; 1953ರ ಬ್ಯೂಯಿಕ್ ನಿಜವಾದ ಮರವನ್ನು ಹೊತ್ತ ಕೊನೆಯ ದೊಡ್ಡ ವ್ಯಾಗನ್. ಅಲ್ಲಿಂದ ಮುಂದಿನ ಇಪ್ಪತ್ತೈದು ವರ್ಷ ಸಂಗ್ರಾಹಕರಿಗೆ ಸುಗ್ಗಿ. 1955ರಿಂದ 1957ರವರೆಗಿನ ನೊಮ್ಯಾಡ್ ಮತ್ತು ಅದರ ಸೋದರಿ ಪಾಂಟಿಯಾಕ್ ಸಫಾರಿ ಚೆಲುವಿನಲ್ಲಿ ಮೇಲು, ಬೆಲೆಯಲ್ಲಿಯೂ ಮೇಲು, ಹಿಂಬಾಗಿಲಿನಿಂದ ಮಳೆನೀರು ಒಳಗೆ ಬಿಡುವುದರಲ್ಲಿಯೂ ಹೆಸರುವಾಸಿ. 1963ರಿಂದ 1966ರವರೆಗಿನ ಸ್ಟುಡಿಬೇಕರ್ ವ್ಯಾಗನೇರ್‌ನ ಹಿಂಬದಿಯ ಚಾವಣಿ ಮುಂದಕ್ಕೆ ಜಾರಿ, ನಿಂತ ರೆಫ್ರಿಜರೇಟರನ್ನೂ ಹೇರಿಕೊಳ್ಳಬಹುದಾದ ತೆರವು ಬಿಡುತ್ತಿತ್ತು, ಅದೂ ಸೋರುತ್ತಿತ್ತು. 1964ರಲ್ಲಿ ಬಂದ ಓಲ್ಡ್ಸ್‌ಮೊಬೀಲ್ ವಿಸ್ಟಾ ಕ್ರೂಸರ್ ಹಿಂದಿನ ಸೀಟಿನ ಮೇಲೆ ಚಾವಣಿಯನ್ನು ಎತ್ತರಿಸಿ ಗಾಜು ಕೂರಿಸಿಕೊಂಡಿತ್ತು, ಅದರ ಮೂರನೆಯ ಸಾಲು ಮುಂದಕ್ಕೇ ಮುಖಮಾಡಿತ್ತು. ಚಾವಣಿಯ ಗಾಜಿರುವ ವಿಸ್ಟಾ ಕ್ರೂಸರ್ 1972ಕ್ಕೆ ಕೊನೆಗೊಂಡಿತು; ನನ್ನ ಕಣ್ಣಿಗೆ ಅಂದ, ಉಪಯೋಗ, ಬಿಡಿಭಾಗ ಮೂರೂ ಹದವಾಗಿ ಬೆರೆತ ಗಾಡಿ ಅದೇ.

ಫೋರ್ಡಿನ ಕಂಟ್ರಿ ಸ್ಕ್ವೈರ್ ಹೆಸರು 1950ರಿಂದ 1991ರವರೆಗೆ ಉಳಿದುಬಂದದ್ದರಿಂದ ಎಲ್ಲ ಬಗೆಯ ಜೇಬಿಗೂ ಹೊಂದುವ ಒಂದಲ್ಲ ಒಂದು ವರ್ಷದ ಗಾಡಿ ಅದರಲ್ಲಿ ಸಿಗುತ್ತದೆ. ಬಹಳ ಓಡಿಸುವ ಉದ್ದೇಶವಿದ್ದವರು ಕೊನೆಯ ತಲೆಮಾರನ್ನು ನೋಡುವುದು ಮೇಲು: 1991ರಿಂದ 1996ರವರೆಗಿನ ಬ್ಯೂಯಿಕ್ ರೋಡ್‌ಮಾಸ್ಟರ್ ಎಸ್ಟೇಟ್ ಮತ್ತು ಷೆವರ್ಲೆ ಕ್ಯಾಪ್ರಿಸ್. 1994ರ ಮಾದರಿಯಿಂದ ಇವಕ್ಕೆ 5.7 ಲೀಟರಿನ, 260 ಅಶ್ವಶಕ್ತಿಯ ಎಲ್‌ಟಿ1 ಎಂಜಿನ್ ದೊರೆಯಿತು. ಅದರಲ್ಲಿ ನೋಡಬೇಕಾದ ಅಂಶ ಒಂದೇ. ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಆಪ್ಟಿಸ್ಪಾರ್ಕ್ ಎಂಬ ಡಿಸ್ಟ್ರಿಬ್ಯೂಟರನ್ನು ವಾಟರ್ ಪಂಪಿನ ಕೆಳಗೇ ಇಟ್ಟಿರುವುದರಿಂದ ಪಂಪು ಸೋರಿದರೆ ಅದೂ ಕೆಡುತ್ತದೆ. ಪಂಪು ಯಾವಾಗ ಬದಲಾಯಿತೆಂದು ಕೇಳಿ, ರಸೀದಿ ತೋರಿಸಲು ಹೇಳಿ.

ಇನ್ನು ಷೆವರ್ಲೆ, ಬ್ಯೂಯಿಕ್, ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್ ಹೆಸರುಗಳಲ್ಲಿ ಕಾರು ಮಾಡುತ್ತಿದ್ದ ಜನರಲ್ ಮೋಟರ್ಸ್ ಕಂಪನಿಯ 1971ರಿಂದ 1976ರವರೆಗಿನ ದೈತ್ಯರು. ಇವುಗಳ ಹಿಂಬದಿಗೆ ಕ್ಲ್ಯಾಮ್‌ಶೆಲ್, ಎಂದರೆ ಕಪ್ಪೆಚಿಪ್ಪು ಎಂದೇ ಹೆಸರು. ಬೀಗದ ಕೈ ತಿರುಗಿಸಿದರೆ ಗಾಜು ಚಾವಣಿಯೊಳಕ್ಕೆ ಮೇಲೇರುತ್ತದೆ, ಉಕ್ಕಿನ ಬಾಗಿಲು ನೆಲದ ಅಡಿಗೆ ಜಾರಿ ಮಾಯವಾಗುತ್ತದೆ. ಬಾಗಿಲು ಹೊರಕ್ಕೆ ಚಾಚದೆ ಇರುವುದರಿಂದ ಗೋಡೆಗೆ ಒತ್ತಿ ನಿಲ್ಲಿಸಿದ ಗಾಡಿಯ ಹಿಂಬದಿಯನ್ನೂ ತೆರೆಯಬಹುದು. ನೋಡಲು ಮಾಯಾಪೆಟ್ಟಿಗೆಯಂತಿರುವ ಈ ಏರ್ಪಾಡು ಕಂಬಿಗಳಲ್ಲಿ ಕಸ ಸೇರಿದರೆ, ರೋಲರ್ ಸವೆದರೆ, ಮೋಟಾರು ನಿಶ್ಶಕ್ತವಾದರೆ ಅರ್ಧದಾರಿಯಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಮಾರುವವರು ‘ಒಂದು ಫ್ಯೂಸ್ ಹೋಗಿದೆ ಅಷ್ಟೆ’ ಎಂದರೆ ನಂಬಬೇಡಿ. ನಿಮ್ಮ ಕಣ್ಣೆದುರಿಗೆ ಮೂರು ಸಲ ಪೂರ್ತಿ ತೆರೆಸಿ, ಮೂರು ಸಲ ಪೂರ್ತಿ ಮುಚ್ಚಿಸಿ.

ಈ ವರ್ಗದ ಗಾಡಿ ಕೊಳ್ಳುವ ಮುನ್ನ, ನಗೆ ಬಂದರೂ ಸರಿ, ಮನೆಯ ಗ್ಯಾರೇಜಿನ ಉದ್ದವನ್ನು ಟೇಪು ಹಿಡಿದು ಅಳೆಯಿರಿ. ಆ ಕಾಲದ ಬ್ಯೂಯಿಕ್ ಎಸ್ಟೇಟ್ 19 ಅಡಿಗಿಂತ ಉದ್ದವಾಗಿದ್ದು ಅಮೆರಿಕದ ಸಾಧಾರಣ ಗ್ಯಾರೇಜಿನ ಆಳ ಸುಮಾರು 20 ಅಡಿ ಮಾತ್ರ ಇರುತ್ತದೆ. ಗೋಡೆಗೆ ಒಂದು ಕಪಾಟು ಇದ್ದರೂ ಶಟರ್ ಮುಚ್ಚುವುದಿಲ್ಲ. ತೂಕ ಎರಡು ಟನ್ನಿನ ಮೇಲೆ, ಲೀಟರ್ ಪೆಟ್ರೋಲಿಗೆ ನಾಲ್ಕೈದು ಕಿಲೋಮೀಟರ್ ಸಿಕ್ಕರೆ ಅದೇ ಹೆಚ್ಚು. 1973ರ ತೈಲ ಬಿಕ್ಕಟ್ಟು ಇವುಗಳ ಬುಡ ಅಲುಗಿಸಿತು. 1983ರ ಕೊನೆಯಲ್ಲಿ ಕ್ರೈಸ್ಲರ್ ತಂದ ಮಿನಿವ್ಯಾನ್ ಕುಟುಂಬಗಳನ್ನು ತನ್ನ ಕಡೆಗೆ ಸೆಳೆದುಕೊಂಡಿತು. ಇಂಧನ ಮಿತವ್ಯಯದ ನಿಯಮಗಳ ಲೆಕ್ಕದಲ್ಲಿ ಅದು ಕಾರಲ್ಲ, ಹಗುರ ಟ್ರಕ್ಕು ಎಂದು ಪರಿಗಣಿತವಾದದ್ದು ಕಂಪನಿಗೆ ಮತ್ತಷ್ಟು ಅನುಕೂಲವಾಯಿತು.

ಈಗ ತಪಾಸಣೆಯ ಕೆಲಸ. ಗಾಡಿಯ ಹಿಂದೆ ನಿಂತು ಮೊದಲು ಮೂಗನ್ನು ಬಳಸಿ: ಹಿಂಬಾಗಿಲು ತೆರೆದ ಕ್ಷಣದಲ್ಲಿ ಮುಗ್ಗಲು ವಾಸನೆ ಹೊಡೆದರೆ ನೀರು ಎಲ್ಲಿಂದಲೋ ಒಳಬರುತ್ತಿದೆ. ಆಮೇಲೆ ಸ್ಟೆಪ್ನಿ ಇಡುವ ಗೂಡಿನ ಮುಚ್ಚಳ ತೆಗೆಯಿರಿ. ಅದು ಕೆಲವು ಮಾದರಿಗಳಲ್ಲಿ ನೆಲದಡಿಯಲ್ಲಿ, ಕೆಲವದರಲ್ಲಿ ಹಿಂಬದಿಯ ಪಕ್ಕದ ಗೋಡೆಯೊಳಗೆ ಇರುತ್ತದೆ. ಚಾವಣಿಯಿಂದ, ಪಕ್ಕದ ಗಾಜಿನಿಂದ, ಹಿಂಬಾಗಿಲಿನಿಂದ ಸೋರಿದ ನೀರೆಲ್ಲ ಬಂದು ನಿಲ್ಲುವುದು ಅಲ್ಲಿಯೇ. ನಾನು ಮೊಟ್ಟಮೊದಲು ಒಂದು ವ್ಯಾಗನ್ ನೋಡಲು ಒಹಾಯೊವರೆಗೆ ಹೋದಾಗ ಹೊಸ ಕಾರ್ಪೆಟ್ಟಿನ ಅಂದಕ್ಕೆ ಮರುಳಾಗಿ ಆ ಮುಚ್ಚಳ ತೆಗೆಯಲೇ ಇಲ್ಲ. ಮನೆಗೆ ತಂದು ಕಾರ್ಪೆಟ್ ಎತ್ತಿದಾಗ ಸ್ಟೆಪ್ನಿಯ ಕೆಳಗೆ ಸಿಮೆಂಟ್ ರಸ್ತೆ ಕಾಣುತ್ತಿತ್ತು.

ಹಿಂಬಾಗಿಲಿನ ಅಡಿಯಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ, ಎಲೆ ಮಣ್ಣು ಸೇರಿ ಅವು ಮುಚ್ಚಿಹೋದರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗೆ ಬಣ್ಣ ಗುಳ್ಳೆಯೆದ್ದಿರುವುದು ಕಾಣುವ ಹೊತ್ತಿಗೆ ಒಳಗಿನ ತಗಡು ಹೋಗಿರುತ್ತದೆ. ಒಂದು ಚಿಕ್ಕ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಗಿಲಿನ ಅಂಚು, ಚಕ್ರದ ಕಮಾನು, ಚಾವಣಿಯ ಕ್ಯಾರಿಯರ್ ಸ್ಕ್ರೂಗಳ ಸುತ್ತ ಹಿಡಿದು ನೋಡಿ. ಅದು ಅಂಟದ ಕಡೆ ತಗಡಿನ ಬದಲು ಪುಟ್ಟಿ ತುಂಬಿದೆ. ಫೋರ್ಡ್ 1966ರಲ್ಲಿ ತಂದ, ಕೆಳಕ್ಕೂ ಮಡಚುವ ಪಕ್ಕಕ್ಕೂ ತೆರೆಯುವ ಹಿಂಬಾಗಿಲಿನ ಉಪಾಯವನ್ನು ಉಳಿದ ಕಂಪನಿಗಳೂ ಬೇಗನೆ ಅನುಸರಿಸಿದವು. ಅಂಥ ಬಾಗಿಲನ್ನು ಎರಡೂ ಬಗೆಯಲ್ಲಿ ತೆರೆದು, ಪಕ್ಕಕ್ಕೆ ತೆರೆದಾಗ ಮೇಲೆ ಕೆಳಗೆ ಕೈಯಿಂದ ಅಲುಗಿಸಿ ಕೀಲಿನ ಸಡಿಲವನ್ನು ಅಳೆಯಬೇಕು. ಪಕ್ಕದ ಬಾಗಿದ ಗಾಜು, ವಿಸ್ಟಾ ಕ್ರೂಸರ್‌ನ ಚಾವಣಿಯ ಗಾಜು ಸೀಳಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಎರಡು ಸಲ ಯೋಚಿಸಿ. ಮೂರನೆಯ ಸಾಲಿನ ಸೀಟಿನ ಕುಶನ್ನು, ಬೆಲ್ಟು, ಮಡಚುವ ಕಬ್ಬಿಣ, ಜಾಕು ಇಡುವ ಕಡೆಯ ಮುಚ್ಚಳ ಇವೆಲ್ಲ ಇವೆಯೇ ಎಂದು ಎಣಿಸಿಕೊಳ್ಳಿ. ಕಳೆದುಹೋದ ಸಣ್ಣ ಮುಚ್ಚಳವೊಂದನ್ನು ಹುಡುಕಲು ಎರಡು ವರ್ಷ ಹಿಡಿದದ್ದುಂಟು.

ಗಾಡಿಯ ಅಡಿಗೆ ಇಳಿದಾಗಲೂ ಸೆಡಾನಿನ ಅಳತೆಗೋಲು ಪೂರ್ತಿ ಹೊಂದುವುದಿಲ್ಲ. ಉದಾಹರಣೆಗೆ ಕಪ್ಪೆಚಿಪ್ಪಿನ ಕಾಲದ ಜನರಲ್ ಮೋಟರ್ಸ್ ವ್ಯಾಗನ್ನುಗಳಲ್ಲಿ ಹಿಂದಿನ ಸಸ್ಪೆನ್ಷನ್ ಕಮಾನು ಪಟ್ಟಿಯದು, ಅದೇ ಕಂಪನಿಯ ಸೆಡಾನುಗಳಲ್ಲಿ ಸುರುಳಿ ಸ್ಪ್ರಿಂಗು. ಹೀಗಾಗಿ ಸೆಡಾನಿನಿಂದ ಕಳಚಿದ ಭಾಗ ಇಲ್ಲಿ ಕೂರುವುದಿಲ್ಲ. ಎಂಜಿನ್ ವಿಷಯದಲ್ಲಿ ಒಂದು ಹೆಸರಿನ ಗೊಂದಲವಿದೆ. ಬ್ಯೂಯಿಕ್, ಓಲ್ಡ್ಸ್‌ಮೊಬೀಲ್, ಪಾಂಟಿಯಾಕ್ ಮೂರಕ್ಕೂ 455 ಎಂಬ ಎಂಜಿನ್ ಇತ್ತು, ಮೂರೂ ಸುಮಾರು 7.5 ಲೀಟರಿನವು, ಆದರೆ ಮೂರೂ ಬೇರೆ ಬೇರೆ ವಿನ್ಯಾಸಗಳು. ಒಂದರ ಗ್ಯಾಸ್ಕೆಟ್ ಇನ್ನೊಂದಕ್ಕೆ ಆಗದು. ಬ್ರೇಕಿನ ಬಗ್ಗೆ ಉದಾಸೀನ ಸಲ್ಲದು: 1967ರ ಮಾದರಿಗಿಂತ ಹಿಂದಿನ ಬಹುತೇಕ ಗಾಡಿಗಳಲ್ಲಿ, ಬ್ರೇಕಿನ ಎಣ್ಣೆಯನ್ನು ಚಕ್ರಗಳತ್ತ ಒತ್ತುವ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆಯಿದ್ದು, ಎಲ್ಲಿಯಾದರೂ ಒಂದು ಕೊಳವೆ ಒಡೆದರೆ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೆ ಹೋಗುತ್ತದೆ. ಎರಡು ಕೋಣೆಯ ಸಿಲಿಂಡರಿಗೆ ಬದಲಾಯಿಸಿಕೊಳ್ಳುವುದನ್ನು ಮೂಲರೂಪಕ್ಕೆ ಧಕ್ಕೆಯೆಂದು ಹಳಿಯುವ ಶುದ್ಧವಾದಿಗಳಿದ್ದಾರೆ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಅವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಕಾಗದಪತ್ರದ ಕೆಲಸ ಚಿಕ್ಕದಾದರೂ ಅವಸರ ಬೇಡ. ಟೈಟಲ್, ಎಂದರೆ ಒಡೆತನದ ಪತ್ರದಲ್ಲಿ ಬರೆದಿರುವ ಗಾಡಿಯ ಗುರುತಿನ ಸಂಖ್ಯೆ, ಗಾಡಿಯ ಮೇಲಿನ ಸಂಖ್ಯೆಗೆ ಅಕ್ಷರಶಃ ಹೊಂದಬೇಕು. 1981ರಿಂದ ಈ ಸಂಖ್ಯೆಗೆ 17 ಅಕ್ಷರಗಳು, ಅದಕ್ಕೆ ಮುಂಚೆ ಕಂಪನಿಗೊಂದು ಕ್ರಮ. 1972ರಿಂದ 1980ರವರೆಗಿನ ಜನರಲ್ ಮೋಟರ್ಸ್ ಗಾಡಿಗಳಲ್ಲಿ ಐದನೆಯ ಅಕ್ಷರ ಯಾವ ಎಂಜಿನ್ ಹೊತ್ತು ಹುಟ್ಟಿತೆಂಬುದನ್ನು ಹೇಳುತ್ತದೆ. ಫೋರ್ಡ್ ಆದರೆ 1967ರಿಂದ ಮುಂದಿನ ಗಾಡಿಗಳಿಗೆ ಮಾರ್ಟಿ ಆಟೊ ವರ್ಕ್ಸ್‌ನವರು ಕಾರ್ಖಾನೆಯ ದಾಖಲೆಗಳ ಆಧಾರದ ಮೇಲೆ ವರದಿ ಕೊಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಇರುವವರು 1975ರ ಅಥವಾ ಅದಕ್ಕಿಂತ ಹಳೆಯ ಮಾದರಿಯ ಪೆಟ್ರೋಲ್ ಗಾಡಿಯನ್ನೇ ಹುಡುಕುವುದು ಜಾಣತನ, ಅವಕ್ಕೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. ವಿಮೆ ಮಾಡಿಸುವಾಗ ಸಾಮಾನ್ಯ ಪಾಲಿಸಿ ತೆಗೆದುಕೊಂಡರೆ ಅಪಘಾತದ ನಂತರ ‘ಹಳೆಯ ಕಾರಿಗೆ ಇಷ್ಟೇ’ ಎಂದು ಕೈಗೆ ಚಿಲ್ಲರೆ ಇಡುತ್ತಾರೆ. ಮೊದಲೇ ಬೆಲೆ ಒಪ್ಪಿಕೊಂಡು ಬರೆಯುವ ಕ್ಲಾಸಿಕ್ ಕಾರ್ ಪಾಲಿಸಿ ತೆಗೆದುಕೊಳ್ಳಿ.

ಎಲ್ಲಿ ಹುಡುಕಬೇಕೆಂದರೆ, 1954ರಿಂದ ನಡೆದುಬಂದಿರುವ ಹೆಮಿಂಗ್ಸ್ ಮೋಟರ್ ನ್ಯೂಸ್‌ನ ಜಾಹೀರಾತುಗಳು ಒಂದು ದಾರಿ. ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಪ್ರತಿ ಅಕ್ಟೋಬರಿನಲ್ಲಿ ನಡೆಯುವ ಬಿಡಿಭಾಗಗಳ ಸಂತೆ, ವಿಸ್ಕಾನ್ಸಿನ್‌ನ ಅಯೋಲಾದಲ್ಲಿ ಜುಲೈನಲ್ಲಿ ನಡೆಯುವ ಹಳೆಯ ಕಾರುಗಳ ಮೇಳ ಇನ್ನೊಂದು. ಆದರೆ ಒಳ್ಳೆಯ ವ್ಯಾಗನ್ನುಗಳು ಎಷ್ಟೋ ಸಲ ಮಾರುಕಟ್ಟೆಗೆ ಬರುವುದೇ ಇಲ್ಲ, ಸಂಘದೊಳಗೇ ಕೈ ಬದಲಾಯಿಸುತ್ತವೆ. ಅದಕ್ಕಾಗಿ ಅಮೆರಿಕನ್ ಸ್ಟೇಷನ್ ವ್ಯಾಗನ್ ಓನರ್ಸ್ ಅಸೋಸಿಯೇಷನ್ನಿಗೋ, ಮರದ ಗಾಡಿಯಾದರೆ ನ್ಯಾಷನಲ್ ವುಡಿ ಕ್ಲಬ್ಬಿಗೋ ಗಾಡಿ ಕೊಳ್ಳುವ ಮೊದಲೇ ಸದಸ್ಯರಾಗಿ. ಅರಿಜೋನಾದಂಥ ಒಣ ಸೀಮೆಯ ಗಾಡಿಯ ಸೀಟು, ಡ್ಯಾಷ್‌ಬೋರ್ಡ್ ಬಿಸಿಲಿಗೆ ಬಿರಿದಿರುತ್ತದೆ, ತಗಡು ಗಟ್ಟಿಯಿರುತ್ತದೆ. ಮಿಷಿಗನ್‌ನ ಗಾಡಿಯಲ್ಲಿ ಇದರ ವಿಲೋಮ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಬಿರಿದ ಸೀಟನ್ನೇ ಆರಿಸಿ.

ಮರದಂತೆ ಕಾಣುವ ಹೊದಿಕೆ ಈ ಗಾಡಿಗಳ ಮುಖಲಕ್ಷಣವಾದ್ದರಿಂದ ಅದರ ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು. ಅದು ಬಹುಪಾಲು 3ಎಂ ಕಂಪನಿಯ ಡೈ-ನಾಕ್ ಎಂಬ ವಿನೈಲ್ ಹಾಳೆ, ಅದರ ಸುತ್ತ ಹಗುರ ಬಣ್ಣದ ಮರದ ಚೌಕಟ್ಟನ್ನು ಹೋಲುವ ಪಟ್ಟಿಗಳು. ಹಾಳೆಯನ್ನು ಬದಲಾಯಿಸಬಹುದು, ಪಟ್ಟಿಗಳು ಮುರಿದರೆ ಕಷ್ಟ. ಆದ್ದರಿಂದ ಪಟ್ಟಿಗಳನ್ನು ಕಳಚುವ ಮುನ್ನ ಫೋಟೋ ತೆಗೆದು, ಪ್ರತಿಯೊಂದಕ್ಕೂ ಅಂಕಿ ಹಚ್ಚಿ, ಒಳಬದಿಯ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಬೇಕು. ಹಳೆಯ ಹಾಳೆಯನ್ನು ಬಿಸಿಗಾಳಿಯ ಯಂತ್ರದಿಂದ ಹದವಾಗಿ ಕಾಯಿಸಿ ಒಂದು ಮೂಲೆಯಿಂದ ನಿಧಾನವಾಗಿ ಎಳೆಯಿರಿ; ಉಳಿದ ಅಂಟನ್ನು ತೆಗೆದು, ಕೆಳಗೆ ಅಡಗಿದ್ದ ತುಕ್ಕನ್ನು ಕೆರೆದು, ಟಿಂಕರಿಂಗ್ ಮತ್ತು ಪ್ರೈಮರ್ ಕೆಲಸವನ್ನು ಪೂರ್ತಿ ಒಣಗಲು ಬಿಟ್ಟ ಮೇಲೆಯೇ ಹೊಸ ಹಾಳೆಗೆ ಕೈಹಾಕಬೇಕು. ತಗಡಿಗೆ ಸೋಪಿನ ನೀರು ಸಿಂಪಡಿಸಿಕೊಂಡರೆ ಹಾಳೆಯನ್ನು ಜರುಗಿಸಿ ಕೂರಿಸಲು ಅವಕಾಶ ಸಿಗುತ್ತದೆ. ನಡುವಿನಿಂದ ಅಂಚಿನ ಕಡೆಗೆ ರಬ್ಬರ್ ಪಟ್ಟಿಯಿಂದ ನೀರನ್ನು ಒತ್ತಿ ಹೊರಹಾಕಿ, ಅಂಚುಗಳಿಗೆ ಮತ್ತೆ ಬಿಸಿ ಕೊಟ್ಟು ಮಡಚಬೇಕು. ಒಬ್ಬರು ಹಿಡಿದು ಒಬ್ಬರು ಒತ್ತುವ ಕೆಲಸ ಇದು. ಒಂಟಿಯಾಗಿ ಮಾಡಿದ ಮರದ ಗೆರೆಗಳು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹೋಗುವಾಗ ಇಳಿಜಾರಾಗಿರುವುದನ್ನು ಮೇಳಗಳಲ್ಲಿ ದೂರದಿಂದಲೇ ಗುರುತಿಸಬಹುದು.

ಕರ್ನಾಟಕದಲ್ಲೇ ಇರುವ ಆಸಕ್ತರಿಗೆ ಇಡೀ ಗಾಡಿ ತರಿಸುವ ಆಸೆ ಕೈಗೂಡದ್ದೆನಿಸಿದರೆ ಮಾರಾಟಗಾರರು ಹಂಚುತ್ತಿದ್ದ ಬಣ್ಣದ ಪುಸ್ತಿಕೆಗಳು ಮತ್ತು ಸಣ್ಣ ಮಾದರಿಗಳು ಒಳ್ಳೆಯ ಸಂಗ್ರಹವಾಗುತ್ತವೆ. ಗಾಡಿ ಇರುವವರಿಗೂ ಆ ಪುಸ್ತಿಕೆಗಳು ಬೇಕು. ಯಾವ ವರ್ಷ ಯಾವ ಬಣ್ಣಕ್ಕೆ ಯಾವ ಸೀಟಿನ ಬಟ್ಟೆ ಇತ್ತೆಂಬ ವಾದಗಳು ಅಲ್ಲಿಯೇ ಇತ್ಯರ್ಥವಾಗುತ್ತವೆ.

ಓಡಿಸುವವರು ನೆನಪಿಡಬೇಕಾದ ಒಂದು ಅಪಾಯವಿದೆ. ವ್ಯಾಗನ್ ವೇಗವಾಗಿ ಚಲಿಸುವಾಗ ಅದರ ಚಪ್ಪಟೆ ಬೆನ್ನಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಹಿಂದಿನ ಗಾಜು ತೆರೆದಿದ್ದರೆ ಸೈಲೆನ್ಸರಿನ ಹೊಗೆಯನ್ನು ಗಾಡಿ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಮೊದಲು ತಾಕುವುದು ಹಿಂತುದಿಯಲ್ಲಿ ಕುಳಿತವರಿಗೆ. ಚಲಿಸುವಾಗ ಹಿಂಬದಿಯ ಗಾಜು ಮುಚ್ಚಿಯೇ ಇರಲಿ, ಹಿಂಬಾಗಿಲಿನ ರಬ್ಬರ್ ಬೀಡಿಂಗ್ ಹರಿದಿದ್ದರೆ ಅದನ್ನು ಬದಲಾಯಿಸುವವರೆಗೆ ಮೂರನೆಯ ಸಾಲಿನಲ್ಲಿ ಯಾರನ್ನೂ ಕೂರಿಸಬೇಡಿ.

ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುವ ರಾಜ್ಯಗಳಲ್ಲಿ ಇರುವವರು ನವೆಂಬರಿನಲ್ಲಿ ಟ್ಯಾಂಕು ತುಂಬಿಸಿ, ಪೆಟ್ರೋಲ್ ಕೆಡದಂತೆ ಸ್ಟೆಬಿಲೈಸರ್ ಬೆರೆಸಿ, ಬ್ಯಾಟರಿಯ ತಂತಿ ಬಿಚ್ಚಿ, ಒಳಗೆ ಇಲಿ ಸೇರದಂತೆ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ ಗಾಡಿಯನ್ನು ಮಲಗಿಸುವುದು ವಾಡಿಕೆ. ವಸಂತ ಬಂದಕೂಡಲೇ ಹೊರತೆಗೆಯಬೇಡಿ. ಎರಡು ಮೂರು ದೊಡ್ಡ ಮಳೆ ಬಿದ್ದು ರಸ್ತೆಯ ಉಪ್ಪು ತೊಳೆದುಹೋಗುವವರೆಗೆ ಕಾಯಿರಿ. ಹೊರತೆಗೆದ ದಿನ ಎಂಜಿನ್ ಚಾಲೂ ಮಾಡುವ ಮುನ್ನ ಆ ಬಟ್ಟೆ ತೆಗೆದಿದ್ದೀರೆಂದು ಖಚಿತಪಡಿಸಿಕೊಂಡು, ತಗ್ಗು ಒತ್ತಡದ ನೀರಿನಿಂದ ಚಾವಣಿಯಿಂದ ಕೆಳಕ್ಕೆ ತೊಳೆದು, ಅರ್ಧ ಗಂಟೆ ಬಿಟ್ಟು ಸ್ಟೆಪ್ನಿಯ ಗೂಡಿನ ಮುಚ್ಚಳ ತೆಗೆದು ಒಣಬಟ್ಟೆಯಿಂದ ಒಳಗೆಲ್ಲ ಒರೆಸಿ ನೋಡಿ.